ಬಿರುಗಾಳಿ, ಬೆಚ್ಚನೆಯ ಕ್ಯಾಬಿನ್ ಮತ್ತು ಏಡಿ

ದುಡ್ಡು ಕೊಟ್ಟು ಬಿರುಗಾಳಿ ನೋಡೋಕೆ ಹೋಗ್ತಾರೆ ಅಂದ್ರೆ ನಮ್ಮ ಕುಂದಾಪುರದ ಕಡೆ ಯಾರೂ ನಂಬೋದಿಲ್ಲ. ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ನಿಂಗೆಂತ ಮರ್ಲಾ?" :-)

ಆದರೆ ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಇದೊಂದು ಹವ್ಯಾಸವೇ ಆಗಿಬಿಟ್ಟಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ಪೆಸಿಫಿಕ್ ಸಾಗರದಿಂದ ಒಂದರ ಹಿಂದೊಂದು ಬಿರುಗಾಳಿ ಬರುತ್ತವೆ. ಬೇಸಿಗೆಯಲ್ಲಿ ಕೈಗೆಟುಕದ ಕ್ಯಾಬಿನ್‌ಗಳು ಆಗ ಕಡಿಮೆ ಬಾಡಿಗೆಗೆ ಸಿಗುತ್ತವೆ. ನಾವೂ ಜನವರಿಯಲ್ಲಿ ಎರಡು ರಾತ್ರಿ ಯಾಹಾಟ್ಸ್ ಹತ್ತಿರ ಉಳಿದಿದ್ದೆವು. ಕಪ್ಪು ಬಂಡೆಗೆ ಅಪ್ಪಳಿಸುವ ತೆರೆ, ಅಡ್ಡಡ್ಡ ಬೀಳುವ ಮಳೆ, ಒಳಗೆ ಕಟ್ಟಿಗೆ ಒಲೆ, ಫಿಲ್ಟರ್ ಕಾಫಿ... ಸುಖಕ್ಕೆ ಇನ್ನೇನು ಬೇಕು ಹೇಳಿ!

ಇಲ್ಲಿನ ಜಾಹೀರಾತುಗಳು ಈ ತಿಂಗಳುಗಳನ್ನು 'ಆಫ್ ಸೀಸನ್' ಅನ್ನುತ್ತವೆ. ನನ್ನ ತಕರಾರು ಇರೋದೇ ಅಲ್ಲಿ. ಆಫ್ ಸೀಸನ್ ಯಾರಿಗೆ?

ಗಾಳಿ ತಗ್ಗಿದ ಎರಡನೇ ರಾತ್ರಿ ಕತ್ತಲ ಕಡಲಿನಲ್ಲಿ ದೂರದೂರಕ್ಕೆ ದೀಪಗಳು ಕಂಡವು. ಏಡಿ ಹಿಡಿಯುವ ದೋಣಿಗಳು. ಇಲ್ಲಿನ ಡಂಜನೆಸ್ ಏಡಿ ಬೇಸಿಗೆಯ ಹೊತ್ತಿಗೆ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಗಟ್ಟಿಯಾಗಿ ಒಳಗೆ ಮಾಂಸ ತುಂಬುವಷ್ಟರಲ್ಲಿ ಚಳಿಗಾಲ ಬಂದಿರುತ್ತದೆ. ಹಾಗಾಗಿ ಋತು ಶುರುವಾಗೋದು ಬೇಗ ಅಂದರೆ ಡಿಸೆಂಬರ್ 1ಕ್ಕೆ; ಎಷ್ಟೋ ವರ್ಷ ಇನ್ನೂ ತಡ. ದೊಡ್ಡ ಗಂಡು ಏಡಿಯನ್ನಷ್ಟೇ ಹಿಡಿಯಬಹುದು. ಇಂಥ ದೋಣಿಗೆ ಇಷ್ಟೇ ಏಡಿ ಅನ್ನುವ ಪಾಲು ಮಾತ್ರ ಇಲ್ಲ. ಮೊದಲು ಹೋದವನಿಗೆ ಹೆಚ್ಚು. ವರ್ಷದ ಬಹುಪಾಲು ಏಡಿ ಮೊದಲ ಎರಡು ತಿಂಗಳಲ್ಲೇ ಬಂದುಬಿಡುತ್ತದೆ. ಎಂದರೆ, ನಾವು ಕಿಟಕಿಯಲ್ಲಿ ಕೂತು ನೋಡುವ ಬಿರುಗಾಳಿಯ ತಿಂಗಳುಗಳೇ ಅವರ ದುಡಿಮೆಯ ತಿಂಗಳುಗಳು.

ನಮ್ಮಲ್ಲಿ ಉಲ್ಟಾ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಮುನಿದಿರುವ ಕಾಲ. ನಾಡದೋಣಿಗಳಿಗೆ ವಿನಾಯಿತಿ ಇದೆ. ಅವರು ಒಂದು ತೂಫಾನ್ ಎದ್ದು ತಣಿಯಲಿ ಅಂತ ಕಾಯುತ್ತಾರೆ, ಆಮೇಲೆ ಮೀನು ದಡದ ಹತ್ತಿರ ಬರುತ್ತದೆ ಅಂತ. ಗಂಗೊಳ್ಳಿಯವರಿಗೆ ಅಳಿವೆ ಬಾಗಿಲು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಹೊಳೆಯೂ ಕಡಲೂ ಮುಖಾಮುಖಿಯಾಗುವ ಆ ಜಾಗದಲ್ಲಿ, ದಡ ಕಣ್ಣಿಗೆ ಕಾಣುತ್ತಿರುವಾಗಲೇ ದೋಣಿ ಮಗುಚುತ್ತದೆ. ಇಲ್ಲಿಯೂ ಅಷ್ಟೇ. 2019ರ ಜನವರಿ 8ರಂದು ನ್ಯೂಪೋರ್ಟ್‌ನ ಯಾಕ್ವಿನಾ ಅಳಿವೆಯಲ್ಲಿ 'ಮೇರಿ ಬಿ 2' ಅನ್ನುವ ಏಡಿ ದೋಣಿ ಮಗುಚಿ, ಅದರಲ್ಲಿದ್ದ ಮೂವರೂ ತೀರಿಕೊಂಡರು. ಅದೇ ಊರಿನಲ್ಲಿ ಕಡಲಿನಲ್ಲಿ ಕಳೆದುಹೋದ ಮೀನುಗಾರರ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದಿದೆ.

"ರಜೆಗೆ ಹೋದವರು ಇದನ್ನೆಲ್ಲ ಯೋಚಿಸಿ ಅಳುತ್ತಾ ಕೂರಬೇಕಾ?" ಅಂತ ಗೆಳೆಯನೊಬ್ಬ ಕೇಳಿದ. ಖಂಡಿತಾ ಬೇಡ. ಹೋಗಿ, ಕಾಫಿ ಕುಡಿಯಿರಿ, ಹೊದ್ದು ಮಲಗಿ. ಚಳಿಗಾಲದಲ್ಲಿ ಬರುವ ನಾಲ್ಕು ಜನರಿಂದ ಆ ಊರುಗಳ ಅಂಗಡಿ ಹೋಟೆಲುಗಳೂ ನಡೆಯಬೇಕಲ್ಲ. ನಾನು ಹೇಳುತ್ತಿರೋದು ಪಾಪಪ್ರಜ್ಞೆಯ ಮಾತಲ್ಲ. ಕಡಲನ್ನು ಸಿನಿಮಾ ಪರದೆಯಂತೆ ನೋಡಬಾರದು, ಅಷ್ಟೇ. ಹಾಗೆ ನೋಡುವವರೇ ಸೆಲ್ಫಿಗಾಗಿ ತೆರೆಗೆ ಬೆನ್ನು ಹಾಕಿ ಬಂಡೆಯ ಮೇಲೆ ನಿಲ್ಲುವುದು. ಇಲ್ಲಿನ ತೆರೆ ಇದ್ದಕ್ಕಿದ್ದಂತೆ ಉಳಿದವಕ್ಕಿಂತ ಎಷ್ಟೋ ಮೇಲೆ ನುಗ್ಗುತ್ತದೆ. ದಡಕ್ಕೆ ಬಿದ್ದ ಮರದ ದಿಮ್ಮಿಯನ್ನೂ ಉರುಳಿಸುತ್ತದೆ. ಮೀನುಗಾರ ಕಡಲಿಗೆ ಬೆನ್ನು ಹಾಕುವುದಿಲ್ಲ. ಆ ಭಯಭಕ್ತಿ ನಮಗೂ ಇರಲಿ.

ಇನ್ನೊಂದು ಮಾತು. ಏಡಿಯ ರೇಟು ಜಾಸ್ತಿ ಅಂತ ಇಲ್ಲಿ, ಜುಲೈನಲ್ಲಿ ಬಂಗುಡೆ ದುಬಾರಿ ಅಂತ ಅಲ್ಲಿ ಗೊಣಗುವ ಮುಂಚೆ, ಆ ರೇಟಿನಲ್ಲಿ ಗಾಳಿಯ ಪಾಲೆಷ್ಟು ಅಂತ ಒಮ್ಮೆ ಯೋಚಿಸಬಹುದು. ಚೌಕಾಸಿಯನ್ನು ಬೇರೆ ಎಲ್ಲಾದರೂ ಮಾಡೋಣ.

ಕರಾವಳಿಯ ಬ್ಲಾಗಿಗರೇ, ನಿಮ್ಮೂರಿನ ಅಳಿವೆಯ ಕಥೆಗಳಿದ್ದರೆ ಬರೀರಿ. ಓದೋಕೆ ಕಾದಿರ್ತೀನಿ.