ಸಂಜೆಯ ಬಸ್ಸಿಗೆ ಓಡುವವರಿಗೂ ಒಂದು ವೇದಿಕೆ

ಲಾಸ್ ಏಂಜಲೀಸ್‌ಗೆ ತಾಗಿಕೊಂಡಿರುವ ಸಾಂಟಾ ಮೋನಿಕಾ ಕಾಲೇಜಿನ ವೇಳಾಪಟ್ಟಿಯಲ್ಲಿ ಮಂಗಳವಾರ ಮತ್ತು ಗುರುವಾರದ ನಡುಹಗಲನ್ನು ಬೇಕೆಂದೇ ಬಿಡುವಾಗಿ ಇಡುತ್ತಾರೆ. 11.15ರಿಂದ 12.35ರವರೆಗಿನ ಎಂಬತ್ತು ನಿಮಿಷ ವಿದ್ಯಾರ್ಥಿಗಳ ಚಟುವಟಿಕೆಗೆ ಮೀಸಲು. ಸಂಘಗಳ ಸಭೆ, ಅತಿಥಿಗಳ ಮಾತು, ಚರ್ಚೆ, ಹಾಡು, ಕುಣಿತ ಎಲ್ಲವೂ ಆ ಹೊತ್ತಿನಲ್ಲೇ. ಅದು ಮುಗಿದರೆ ಮತ್ತೆ ಪಾಠ, ಪಾಠ ಮುಗಿದರೆ ಕೆಲಸಕ್ಕೆ ಓಟ.

ಆ ಓಟ ಇರುವುದರಿಂದಲೇ ಈ ಬಿಡುವು. ಅಮೆರಿಕದ ಕಮ್ಯುನಿಟಿ ಕಾಲೇಜು ಎರಡು ವರ್ಷದ ಓದಿನ ಸಾರ್ವಜನಿಕ ಸಂಸ್ಥೆ. ಹೆಚ್ಚಿನವುಗಳಲ್ಲಿ ಹಾಸ್ಟೆಲ್ ಇಲ್ಲ. ಪ್ರವೇಶಕ್ಕೆ ಕಟ್ಟುನಿಟ್ಟಿನ ಪರೀಕ್ಷೆ ಇಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಸಾಮಾನು ಜೋಡಿಸಿ ಬಂದ ಹುಡುಗ, ಮಗುವನ್ನು ಶಾಲೆಗೆ ಬಿಟ್ಟು ಬಂದ ತಾಯಿ, ಸೇನೆಯಿಂದ ಮರಳಿದವರು, ಕೆಲಸ ಕಳೆದುಕೊಂಡು ಹೊಸ ವಿದ್ಯೆ ಹುಡುಕುವ ನಡುವಯಸ್ಸಿನವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ, ಇಪ್ಪತ್ತು ಲಕ್ಷದ ಆಸುಪಾಸು ವಿದ್ಯಾರ್ಥಿಗಳಿದ್ದಾರೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್ ಶುಲ್ಕ. ಇಂಥವರನ್ನು ಸಂಜೆ ಆರಕ್ಕೆ ನಾಟಕ ನೋಡಲು ಬನ್ನಿ ಎಂದು ಕರೆದರೆ ಬರುವವರು ಬೆರಳೆಣಿಕೆಯಷ್ಟು. ಅವರು ಕಾಲೇಜಿನಲ್ಲಿ ಇರುವ ಹೊತ್ತಿಗೇ ನಾಟಕವನ್ನು ತರಬೇಕು.

ಸಂಸ್ಕೃತಿ ಎನ್ನುವುದು ಪುರುಸೊತ್ತು ಇರುವವರ ಪಾಲಿನದಲ್ಲ, ಓದಿನ ಹೊತ್ತಿನಲ್ಲೇ ಅದಕ್ಕೂ ಜಾಗ ಬೇಕು ಎನ್ನುವ ಈ ತಿಳಿವಳಿಕೆಯಿಂದ ಕರ್ನಾಟಕದ ಕಾಲೇಜುಗಳು ಕಲಿಯುವುದು ಬಹಳ ಇದೆ.

ಈ ಕಾಲೇಜುಗಳು ಹುಟ್ಟಿದ್ದು ಸಣ್ಣದಾಗಿ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ಆರಂಭವಾಯಿತು. ಎರಡನೇ ಮಹಾಯುದ್ಧದ ನಂತರ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ 1947ರಲ್ಲಿ ವರದಿ ಕೊಟ್ಟಾಗ, ದೇಶದ ತುಂಬ ಇಂಥ ಕಾಲೇಜುಗಳ ಜಾಲ ಬೇಕು ಎಂದಿತು. ಅವು ಉದ್ಯೋಗ ಕಲಿಸುವ ಕಟ್ಟಡಗಳಷ್ಟೇ ಆಗದೆ ಇಡೀ ಊರಿನ ಕಲಿಕೆಯ ಕೇಂದ್ರಗಳಾಗಬೇಕು ಎನ್ನುವುದೂ ಅದರ ಆಶಯವಾಗಿತ್ತು. ವರದಿಗಳಲ್ಲಿ ಇಂಥ ಮಾತು ಎಲ್ಲ ದೇಶದಲ್ಲೂ ಬರುತ್ತದೆ. ಅಲ್ಲಿ ಅದು ಒಂದಷ್ಟಾದರೂ ವೇಳಾಪಟ್ಟಿಗೆ ಇಳಿಯಿತು.

ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೊಸ ಅವಧಿ ಶುರುವಾಗುತ್ತಿದ್ದಂತೆ ಕ್ಯಾಂಪಸ್ಸಿನ ಗೋಡೆಗಳಲ್ಲಿ ಮುಂಬರುವ ತಿಂಗಳುಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪಾನಿಕ್ ಪರಂಪರೆಯ ಮಾಸ. ನವೆಂಬರ್ ಮೊದಲ ದಿನಗಳಲ್ಲಿ ಮೆಕ್ಸಿಕೋ ಮೂಲದವರು ಅಗಲಿದ ಹಿರಿಯರಿಗಾಗಿ ಚೆಂಡುಹೂವಿನ ಅಲಂಕಾರ ಮಾಡಿ, ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸುವ ಹಬ್ಬ. ನಮ್ಮ ಪಿತೃಪಕ್ಷದ ಎಡೆ ನೋಡಿದವರಿಗೆ ಅದು ದೂರದ ಆಚರಣೆ ಅನ್ನಿಸುವುದೇ ಇಲ್ಲ. ಡಿಸೆಂಬರಿನಲ್ಲಿ ಸಂಗೀತ ವಿಭಾಗದ ಕಛೇರಿಗಳು, ಫೆಬ್ರುವರಿಯಲ್ಲಿ ಕಪ್ಪು ಜನರ ಇತಿಹಾಸದ ಮಾಸ, ಮಾರ್ಚಿನಲ್ಲಿ ಮಹಿಳಾ ಇತಿಹಾಸದ ಮಾಸ.

ಕ್ಯಾಲಿಫೋರ್ನಿಯಾದ ಕುಪರ್ಟಿನೋ ಊರಿನ ಡಿ ಆಂಜಾ ಕಾಲೇಜಿನಲ್ಲಿ ಪ್ರತಿ ಅವಧಿಗೂ ‘ಕ್ಲಬ್ ಡೇ’ ಇರುತ್ತದೆ. ನಡುವಣ ಅಂಗಳದಲ್ಲಿ ಮಡಚುವ ಮೇಜುಗಳ ಸಾಲು, ಮೇಜಿನ ಮೇಲೆ ಕೈಬರಹದ ರಟ್ಟಿನ ಫಲಕ, ಹೆಸರು ಬರೆಸಿಕೊಳ್ಳುವ ಹಾಳೆ, ದಾರಿಹೋಕರನ್ನು ನಿಲ್ಲಿಸಲು ಒಂದು ಬಟ್ಟಲು ಮಿಠಾಯಿ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವವರು ಆ ಅಂಗಳ ದಾಟಲೇಬೇಕು. ಯಾರನ್ನೂ ಸಭಾಂಗಣಕ್ಕೆ ಎಳೆದು ತರುವ ಪ್ರಮೇಯವಿಲ್ಲ, ಮೈಕಿನಲ್ಲಿ ಕರೆಯುವ ಗದ್ದಲವಿಲ್ಲ. ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಎರಡು ನಿಮಿಷ ನಿಂತು ಮಾತಾಡಿದ ಹುಡುಗಿ ಮುಂದಿನ ವಾರ ಆ ಸಂಘದ ಸಭೆಗೆ ಹೋಗಬಹುದು, ಹೋಗದೆಯೂ ಇರಬಹುದು. ಆದರೆ ತನ್ನ ಕಾಲೇಜಿನಲ್ಲಿ ಏನೇನು ನಡೆಯುತ್ತದೆ ಎನ್ನುವುದು ಅವಳಿಗೆ ಗೊತ್ತಾಗಿರುತ್ತದೆ.

ಇದರಿಂದ ಆಗುವುದೇನು ಎಂದು ಕೇಳುವವರಿಗೆ ಒಬ್ಬ ಲೇಖಕಿಯ ಬದುಕು ಸಾಕು. ಆಕ್ಟೇವಿಯಾ ಬಟ್ಲರ್ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ತಾಯಿ ಬೇರೆಯವರ ಮನೆಗೆಲಸ ಮಾಡಿ ಮಗಳನ್ನು ಸಾಕಿದವರು. ಅಕ್ಷರ ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಮಗಳಿಗೆ ಇತ್ತು. ಹೈಸ್ಕೂಲು ಮುಗಿದ ಮೇಲೆ ಹಗಲು ಕೆಲಸ ಮಾಡುತ್ತ ರಾತ್ರಿ ಪಾಸಡೀನಾ ಸಿಟಿ ಕಾಲೇಜಿಗೆ ಹೋದಳು. ಮೊದಲ ವರ್ಷವೇ ಕಾಲೇಜು ಮಟ್ಟದ ಸಣ್ಣಕಥಾ ಸ್ಪರ್ಧೆಯಲ್ಲಿ ಗೆದ್ದಳು. ಬಂದ ಹಣ 15 ಡಾಲರ್, ಬರವಣಿಗೆಯಿಂದ ಆಕೆ ದುಡಿದ ಮೊದಲ ಹಣ. ಅದೇ ಕಾಲೇಜಿನಲ್ಲಿ, ಕಪ್ಪು ಜನರ ಹೋರಾಟದಲ್ಲಿ ತೊಡಗಿದ್ದ ಸಹಪಾಠಿಯೊಬ್ಬ ಹಿಂದಿನ ತಲೆಮಾರಿನವರನ್ನು, ಬಿಳಿಯರ ಮುಂದೆ ತಲೆಬಾಗಿ ಬದುಕಿದವರೆಂದು ಜರೆಯುವುದನ್ನು ಕೇಳಿದಳು. ಹಾಗೆ ತಲೆಬಾಗಿದ್ದರಿಂದಲೇ ಮಕ್ಕಳಿಗೆ ಅನ್ನ ಸಿಕ್ಕಿತು, ಆ ತಾಳ್ಮೆಯಲ್ಲೂ ಧೈರ್ಯವಿತ್ತು ಎನ್ನುವ ಉತ್ತರ ಅವಳೊಳಗೆ ವರ್ಷಗಟ್ಟಲೆ ಬೆಳೆಯಿತು. 1979ರಲ್ಲಿ ಬಂದ ‘ಕಿಂಡ್ರೆಡ್’ ಕಾದಂಬರಿಯ ಬೀಜ ಅದೇ. 1995ರಲ್ಲಿ ಬಟ್ಲರ್‌ಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ವಿಜ್ಞಾನ ಕಥಾ ಲೇಖಕರಲ್ಲಿ ಆ ಗೌರವ ಪಡೆದ ಮೊದಲಿಗಳು ಅವಳು.

ಆ ಕಾಲೇಜು ಅವಳನ್ನು ಲೇಖಕಿ ಮಾಡಿತು ಎನ್ನುವುದು ಉತ್ಪ್ರೇಕ್ಷೆ. ಅವಳು ಹತ್ತನೇ ವಯಸ್ಸಿನ ಆಸುಪಾಸಿನಲ್ಲೇ ಬರೆಯತೊಡಗಿದ್ದವಳು. ಆದರೆ ದುಡಿದು ದಣಿದು ಬರುವ ಹುಡುಗಿಗೂ ಕಥೆ ಕಳಿಸಬಹುದಾದ ಒಂದು ಸ್ಪರ್ಧೆ ಅಲ್ಲಿತ್ತು, ಜಗಳವಾಡಿ ಯೋಚಿಸಲು ಜೊತೆಗಾರರಿದ್ದರು. ಅಷ್ಟನ್ನು ಕಾಲೇಜು ಮಾಡಬಹುದು, ಮಾಡಿತು.

ನಟ ಟಾಮ್ ಹ್ಯಾಂಕ್ಸ್ ಓದಿದ್ದೂ ಹೇವರ್ಡ್‌ನ ಶಾಬೋ ಕಮ್ಯುನಿಟಿ ಕಾಲೇಜಿನಲ್ಲಿ. ಆಗ ಕ್ಯಾಲಿಫೋರ್ನಿಯಾದ ಈ ಕಾಲೇಜುಗಳಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ತನ್ನ ಏಳಿಗೆಗೆ ಆ ಎರಡು ವರ್ಷವೇ ಕಾರಣ ಎಂದು 2015ರಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು.

ಈ ಚಟುವಟಿಕೆಗಳಿಗೆ ಹಣ ಎಲ್ಲಿಂದ? ಪಾಸಡೀನಾ ಸಿಟಿ ಕಾಲೇಜಿನ ಉತ್ತರ ಸೊಗಸಾಗಿದೆ. ತಿಂಗಳ ಮೊದಲ ಭಾನುವಾರ ಕಾಲೇಜಿನ ವಾಹನ ನಿಲ್ದಾಣ ಹಳೆ ಸಾಮಾನಿನ ಸಂತೆಯಾಗುತ್ತದೆ. ಹಳೆಯ ಗ್ರಾಮಫೋನ್ ತಟ್ಟೆ, ಕುರ್ಚಿ, ಬಟ್ಟೆ, ಪುಸ್ತಕ ಹುಡುಕಿ ಸುತ್ತಲಿನ ಊರಿನವರು ಬರುತ್ತಾರೆ. ಮಳಿಗೆ ಬಾಡಿಗೆಯ ಆದಾಯ ವಿದ್ಯಾರ್ಥಿವೇತನಕ್ಕೂ ವಿದ್ಯಾರ್ಥಿ ಚಟುವಟಿಕೆಗೂ ಹೋಗುತ್ತದೆ. ಡಿ ಆಂಜಾದಲ್ಲೂ ಕೋವಿಡ್ ಬರುವವರೆಗೆ ತಿಂಗಳ ಮೊದಲ ಶನಿವಾರ ಇಂಥದೇ ಸಂತೆಯನ್ನು ವಿದ್ಯಾರ್ಥಿ ಸಂಘವೇ ನಡೆಸುತ್ತಿತ್ತು.

ಹಣ ಹಂಚುವುದೂ ವಿದ್ಯಾರ್ಥಿಗಳೇ. ಚುನಾಯಿತ ವಿದ್ಯಾರ್ಥಿ ಸಂಘದ ಸಭೆ ಕ್ಯಾಲಿಫೋರ್ನಿಯಾದಲ್ಲಿ ನಗರಸಭೆಯ ಸಭೆಯಷ್ಟೇ ಬಹಿರಂಗ. ಕಾರ್ಯಸೂಚಿಯನ್ನು 72 ಗಂಟೆ ಮೊದಲು ಪ್ರಕಟಿಸಬೇಕು, ಯಾರು ಬೇಕಾದರೂ ಬಂದು ಮಾತಾಡಬಹುದು. ಹತ್ತೊಂಬತ್ತರ ಹುಡುಗನೊಬ್ಬ ತನ್ನ ಸಂಘದ ಪರವಾಗಿ ಎದ್ದು ನಿಂತು, ಇಷ್ಟು ಹಣ ಏಕೆ ಬೇಕು, ಎಷ್ಟು ಜನ ಬರುತ್ತಾರೆ, ಕಳೆದ ಸಲ ಕೊಟ್ಟದ್ದು ಏನಾಯಿತು ಎನ್ನುವ ಪ್ರಶ್ನೆಗಳಿಗೆ ತನ್ನಷ್ಟೇ ವಯಸ್ಸಿನವರ ಮುಂದೆ ಉತ್ತರ ಕೊಡಬೇಕು. ಪೌರನೀತಿಯ ಪಾಠ ಇದಕ್ಕಿಂತ ಚೆನ್ನಾಗಿ ಆಗುವುದು ಕಷ್ಟ. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಕಾನೂನಿನ ಪ್ರಕಾರ ಒಬ್ಬ ವಿದ್ಯಾರ್ಥಿ ಸದಸ್ಯರಿರಬೇಕು.

ಕಾಲೇಜಿನ ಬಾಗಿಲು ಊರಿಗೂ ತೆರೆದಿರುತ್ತದೆ. ಡಿ ಆಂಜಾದಲ್ಲಿ ತಾರಾಲಯವಿದೆ, ಯೂಫ್ರಾಟ್ ಎಂಬ ಕಲಾ ಸಂಗ್ರಹಾಲಯವಿದೆ. ಲಾಸ್ ಏಂಜಲೀಸ್ ಸುತ್ತಲಿನವರು ಕೇಳುವ ಕೆಸಿಆರ್‌ಡಬ್ಲ್ಯೂ ಬಾನುಲಿ ಸಾಂಟಾ ಮೋನಿಕಾ ಕಾಲೇಜಿನದು. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟೋಷ್ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದ್ದು ಡಿ ಆಂಜಾದ ಫ್ಲಿಂಟ್ ಸೆಂಟರ್ ರಂಗಮಂದಿರದಲ್ಲಿ. ಆ ರಂಗಮಂದಿರ 2019ರಲ್ಲಿ ಮುಚ್ಚಿತು, ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅಮೆರಿಕದಲ್ಲೂ ಎಲ್ಲ ಸುಸೂತ್ರವಾಗಿಲ್ಲ ಎನ್ನುವುದಕ್ಕೆ ಇದೊಂದು ಗುರುತು. ಕೋವಿಡ್ ಕಾಲದಲ್ಲಿ ಅಲ್ಲಿನ ಕಾಲೇಜುಗಳಿಗೆ ಸೇರುವವರೂ ಕಡಿಮೆಯಾದರು. ಆನ್‌ಲೈನ್ ಪಾಠ ಹೆಚ್ಚಾದಷ್ಟೂ ಅಂಗಳದ ಮೇಜುಗಳ ಮುಂದೆ ನಿಲ್ಲುವವರು ಕಡಿಮೆಯಾಗುತ್ತಾರೆ.

ಸಿಲಿಕಾನ್ ಕಣಿವೆಯ ಕನ್ನಡಿಗರಿಗೆ ಈ ಕ್ಯಾಂಪಸ್ಸುಗಳು ಹೊಸದಲ್ಲ. 2025ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸಿತು, ಕಮ್ಯುನಿಟಿ ಕಾಲೇಜುಗಳು ಅಂದು ಬಾಗಿಲು ಮುಚ್ಚಲೂ ಅವಕಾಶ ಕೊಟ್ಟಿತು. ಮುಚ್ಚುವುದಕ್ಕಿಂತ ತೆರೆದು ಆಚರಿಸುವುದು ಮೇಲು. ಮನೆಯಲ್ಲಿ ಎಣ್ಣೆಸ್ನಾನ ಮುಗಿಸಿ ಬಂದ ಕನ್ನಡದ ಹುಡುಗ ಮಧ್ಯಾಹ್ನ ಅದೇ ಅಂಗಳದಲ್ಲಿ ಮೆಕ್ಸಿಕೋದ ಗೆಳತಿಗೆ ಬಲಿಪಾಡ್ಯಮಿಯ ಕಥೆ ಹೇಳುವಂತಾದರೆ ಇಬ್ಬರಿಗೂ ಲಾಭ.

ಈಗ ಇತ್ತ ಬರೋಣ. ಕರ್ನಾಟಕದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮನೆಯಿಂದಲೇ ಓಡಾಡುವವರ ಕಾಲೇಜು ಎನ್ನುವುದಕ್ಕೆ ಅವುಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ಹುಡುಗಿಯರು, ಮಧ್ಯಾಹ್ನದ ನಂತರ ಮೊಬೈಲ್ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುವ ಹುಡುಗರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಟಿಕೆಟ್ ಚಿಂತೆ ಹೋಯಿತು, ಬಸ್ಸಿನ ಹೊತ್ತಿನ ಚಿಂತೆ ಉಳಿಯಿತು. ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಮನೆಯವರ ಬೈಗುಳ ಬೇರೆ.

ಇಂಥ ಎಷ್ಟೋ ಕಾಲೇಜುಗಳಲ್ಲಿ ವರ್ಷದ ಸಾಂಸ್ಕೃತಿಕ ಬದುಕು ಎರಡು ಸಮಾರಂಭಗಳಲ್ಲಿ ಮುಗಿದುಹೋಗುತ್ತದೆ. ಸಾಂಸ್ಕೃತಿಕ, ಕ್ರೀಡೆ, ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಎಲ್ಲವನ್ನೂ ಒಂದೇ ಆಮಂತ್ರಣ ಪತ್ರಿಕೆಯಲ್ಲಿ ಸೇರಿಸಿ ಉದ್ಘಾಟನೆ, ವರ್ಷದ ಕೊನೆಗೆ ಅವೆಲ್ಲದರ ಸಮಾರೋಪ. ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತು. ಎರಡು ವಾರ ಅಭ್ಯಾಸ ಮಾಡಿದ ಕೋಲಾಟದ ತಂಡ ಅರ್ಧ ಖಾಲಿಯಾದ ಸಭಾಂಗಣದ ಮುಂದೆ ಕುಣಿಯುತ್ತದೆ. ಇದು ಪ್ರಾಂಶುಪಾಲರ ತಪ್ಪಲ್ಲ, ಸಂಚಾಲಕರದೂ ಅಲ್ಲ. ಸಂಚಾಲಕರಲ್ಲಿ ಅನೇಕರು ಪಾಠದ ಹೊರೆಯ ಜೊತೆಗೆ ಇದನ್ನೂ ಹೊತ್ತವರು. ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲದ ಮೇಲೆ ಅವರಾದರೂ ಏನು ಮಾಡಿಯಾರು? ವಿದ್ಯಾರ್ಥಿಗಳೇ ಮುಂದೆ ನಿಂತು ಮಾಡೋಣವೆಂದರೆ ಕಾಲೇಜು ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತು ಮೂರು ದಶಕ ದಾಟಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2013ರಲ್ಲಿ ಭಾರತದಲ್ಲೂ ಕಮ್ಯುನಿಟಿ ಕಾಲೇಜು ಯೋಜನೆ ತಂದಿತು. ಅದರ ಗಮನವೆಲ್ಲ ಕೌಶಲ ತರಬೇತಿ, ಡಿಪ್ಲೊಮಾ, ಉದ್ಯೋಗ. ಅದು ಬೇಕಾದದ್ದೇ. ಆದರೆ ಅಮೆರಿಕದ ಮಾದರಿಯಲ್ಲಿ ವೆಲ್ಡಿಂಗ್ ಕಲಿಯುವ ಹುಡುಗನಿಗೂ ನಾಟಕ ನೋಡುವ ಹಕ್ಕಿದೆ ಎನ್ನುವ ಭಾಗ ಬರುವಾಗ ದಾರಿಯಲ್ಲೇ ಬಿದ್ದುಹೋಯಿತು.

ಕನ್ನಡದ ನೆಲಕ್ಕೆ ಇದು ಹೊರಗಿನ ವಿಚಾರ ಎಂದು ಯಾರೂ ಹೇಳುವಂತಿಲ್ಲ. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಸಾರಥ್ಯದಲ್ಲಿ. ಒಂದು ಕಾಲೇಜಿನ ಸಂಘ ಇಡೀ ಭಾಷೆಗೆ ಪತ್ರಿಕೆ ಕೊಟ್ಟಿತು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು 1971ರಲ್ಲಿ ಕಾಲೇಜಿನ ಆಶ್ರಯದಲ್ಲೇ ಯಕ್ಷಗಾನ ಕೇಂದ್ರ ಕಟ್ಟಿದರು, ಶಿವರಾಮ ಕಾರಂತರು ಅಲ್ಲಿ ಪ್ರಯೋಗ ನಡೆಸಿದರು. ಕಾಲೇಜಿನಿಂದ ಊರಿಗೆ, ಊರಿನಿಂದ ಕಾಲೇಜಿಗೆ ಕಲೆ ಓಡಾಡಿದ ಕಾಲ ಅದು.

ಪಾಠ ಮುಗಿಯುವುದಿಲ್ಲ ಎನ್ನುವ ಆಕ್ಷೇಪ ಬಂದೇ ಬರುತ್ತದೆ. ಸೆಮಿಸ್ಟರ್ ಪದ್ಧತಿಯಲ್ಲಿ ಇಂಟರ್ನಲ್ಸ್, ಅಸೈನ್‌ಮೆಂಟ್, ಪರೀಕ್ಷೆಗಳ ನಡುವೆ ಬೋಧನೆಗೆ ಸಿಗುವ ದಿನಗಳೇ ಕಡಿಮೆ, ಅದು ನಿಜವಾದ ತೊಂದರೆ. ಆದರೆ ಕಾಲೇಜು ಡೇಗೆಂದು ಪಾಠ ನಿಲ್ಲಿಸಿ ಕಳೆಯುವ ದಿನಗಳನ್ನು ಕೂಡಿಸಿದರೆ ವಾರಕ್ಕೊಂದು ಪೀರಿಯಡ್ ಅದಕ್ಕಿಂತ ಬಹಳ ದುಬಾರಿಯೇನೂ ಆಗದು. ಸಾಂಸ್ಕೃತಿಕ ಚಟುವಟಿಕೆಗೆ ಕ್ರೆಡಿಟ್ ಕೊಡುವ ಮಾತು ಪಠ್ಯಕ್ರಮಗಳಲ್ಲಿ ಈಗಾಗಲೇ ಬಂದು ಹೋಗಿದೆ. ಕ್ರೆಡಿಟ್ ಇದ್ದು ಹೊತ್ತು ಇಲ್ಲದಿದ್ದರೆ ಅದು ದಾಖಲೆ ಪುಸ್ತಕ ತುಂಬುವ ಕೆಲಸವಾಗುತ್ತದೆ.

ವಾರದ ನಡುವೆ, ಬುಧವಾರವೆನ್ನೋಣ, ಹನ್ನೊಂದೂವರೆಯ ಪೀರಿಯಡ್ ಎಲ್ಲ ತರಗತಿಗೂ ಬಿಡುವು. ಒಂದು ವಾರ ಊರಿನ ತಮಟೆಯವರು, ಒಂದು ವಾರ ಬಿ.ಕಾಂ. ಹುಡುಗಿಯೊಬ್ಬಳು ಓದುವ ಕಥೆ, ಇನ್ನೊಂದು ವಾರ ಕೆರೆಯ ನೀರಿನ ಬಗ್ಗೆ ಚರ್ಚೆ. ಶಾಲು, ಹಾರ, ಫಲಕ ಏನೂ ಬೇಡ, ಒಂದು ಮೈಕು, ಮರದ ಕೆಳಗಿನ ಜಾಗ ಸಾಕು. ವಿದ್ಯಾರ್ಥಿಗಳೇ ಸಮಿತಿ ಮಾಡಿಕೊಂಡು ತಿಂಗಳ ಪಟ್ಟಿಯನ್ನು ಸೂಚನಾ ಫಲಕಕ್ಕೂ ಬಸ್ ನಿಲ್ದಾಣಕ್ಕೂ ಅಂಟಿಸಲಿ, ಊರಿನವರೂ ಬರಲಿ. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ಕಾಲೇಜು ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು, ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಸಮಿತಿಗಳು ಕೂರುವ ಮೊದಲು ಅದು ಕಾಲೇಜುಗಳ ಕೈ ಸೇರಬೇಕು.