ಹಳೆಯ ಕಾಲದ ಕೂಟಕ್ಕೆ ಹೊಸ ಕಾಲದ ಉಪಾಹಾರವೇಕೆ?

ಮನೆಯ ಹಿರಿಯರ ಹುಟ್ಟುಹಬ್ಬವನ್ನೋ ವಿವಾಹದ ವಾರ್ಷಿಕೋತ್ಸವವನ್ನೋ ‘ಹಳೆಯ ಕಾಲದ ಕೂಟ’ವೆಂದು ಆಚರಿಸುವ ಪದ್ಧತಿ ಈಚೆಗೆ ನಗರದ ಮನೆಗಳಲ್ಲಿ ಬೆಳೆಯುತ್ತಿದೆ. ಮೊಮ್ಮಕ್ಕಳು ಉಬ್ಬುತೋಳಿನ ರವಿಕೆ ಹೊಲಿಸುತ್ತಾರೆ. ಎಲ್ಲಿಂದಲೋ ಒಂದು ಗ್ರಾಮಫೋನು ಬಾಡಿಗೆಗೆ ಬರುತ್ತದೆ. ಅಜ್ಜ ಅಜ್ಜಿಯರ ಮದುವೆಯ ಕಪ್ಪು ಬಿಳುಪಿನ ಚಿತ್ರ ಗೋಡೆಯನ್ನೇರುತ್ತದೆ. ಇಷ್ಟೆಲ್ಲ ಆದಮೇಲೆ ಮೇಜಿನ ಮೇಲೆ ಬಂದು ಕೂರುವುದು ಮಾತ್ರ ಗೋಬಿ ಮಂಚೂರಿಯನ್! ಮುಂಬಯಿಯಲ್ಲಿ 1970ರ ದಶಕದಲ್ಲಿ ಹುಟ್ಟಿತೆನ್ನಲಾಗುವ ಈ ಮಂಚೂರಿಯನ್ನು, 1983ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮ್ಯಾಗಿ, ಇವುಗಳನ್ನು 1960ರ ಮದುವೆಯ ಚಿತ್ರದ ಕೆಳಗೆ ಬಡಿಸುವುದು ಪಂಚೆಯ ಮೇಲೆ ಟೈ ಕಟ್ಟಿದಂತೆ.

ಕೂಟದ ಯೋಜನೆಯನ್ನು ಕೈಗೊಳ್ಳುವ ಗೃಹಿಣಿ ಮೊದಲು ನಿಶ್ಚಯಿಸಬೇಕಾದುದು ವರ್ಷವನ್ನು, ಅದರೊಡನೆ ಊರನ್ನು. ‘ಹಳೆಯ ಬೆಂಗಳೂರು’ ಎಂದರೆ ಒಂದು ಊರಲ್ಲ, ಎರಡು. ಪೇಟೆಯ ಕಡೆಯ ನಗರ, ದಂಡಿನ ಪ್ರದೇಶ ಇವೆರಡೂ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂದದ್ದು 1949ರಲ್ಲಿ. ದಂಡಿನ ಮನೆಯ ಕೂಟವಾದರೆ ಕಟ್ಲೆಟ್, ಪ್ಲಮ್ ಕೇಕು, ಹಾಲು ಬೆರೆಸಿದ ಚಹಾ ಒಪ್ಪುತ್ತವೆ. ಚಿಕ್ಕಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಮನೆಯಾದರೆ ಮಾತೇ ಬೇರೆ: ಅಲ್ಲಿ ಕಾಫಿಯದೇ ರಾಜ್ಯ, ತಿಂಡಿ ಅದರ ಮಂತ್ರಿ. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತು ಮಾತ್ರ ಎರಡೂ ಕಡೆಗೆ ಸಲ್ಲುವ ಅತಿಥಿ.

ವರ್ಷವನ್ನು ನಿಶ್ಚಯಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಕಾಲವೆಂದರೆ ತುಪ್ಪದ ಹೊಳೆ ಹರಿಯುತ್ತಿದ್ದ ಕಾಲವೆಂದು ಇಂದಿನ ಎಳೆಯರು ಭಾವಿಸಿದ್ದಾರೆ. ಹಿರಿಯರನ್ನು ಕೇಳಿದರೆ ತಿಳಿದೀತು. ಯುದ್ಧಕಾಲದಿಂದ ಬಂದ ಪಡಿತರದ ಪದ್ಧತಿ ಒಮ್ಮೆ ಸಡಿಲವಾಗಿ ಮತ್ತೊಮ್ಮೆ ಬಿಗಿಯಾಗಿ ಮನೆಗಳನ್ನು ಕಾಡಿತು. ಅಕ್ಕಿ ಸಕ್ಕರೆಗಳು ಚೀಟಿಗೆ ಕಟ್ಟುಬಿದ್ದಿದ್ದವು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರ ಸಂಜೆಯ ಊಟವನ್ನು ಬಿಡುವಂತೆ ದೇಶವನ್ನು ಕೋರಿದಾಗ ಎಷ್ಟೋ ಮನೆಗಳು ಅದನ್ನು ವ್ರತದಂತೆ ನಡೆಸಿದವು. ಅಂಥ ವರ್ಷದಲ್ಲಿ ಮದುವೆಯಾದ ದಂಪತಿಗಳ ಎದುರಿಗೆ ಇಪ್ಪತ್ತನಾಲ್ಕು ಬಗೆಯ ತಿನಿಸುಗಳನ್ನು ಹರಡಿ ‘ಇದು ನಿಮ್ಮ ಕಾಲ’ ಎಂದರೆ ಅವರು ನಕ್ಕು ಸುಮ್ಮನಾಗಬಹುದು, ಆದರೆ ಅದು ಅವರ ಕಾಲವಲ್ಲ. ಅಭಾವವೇ ಹೊಸ ತಿಂಡಿಯನ್ನು ಹುಟ್ಟಿಸಿದ ಉದಾಹರಣೆಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಾವೆಂದು ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳಿಕೊಂಡು ಬಂದಿದ್ದಾರೆ. ಕೂಟಕ್ಕೆ ಇದಕ್ಕಿಂತ ಒಪ್ಪುವ ತಿಂಡಿ ಮತ್ತೊಂದಿಲ್ಲ.

ಮಸಾಲೆದೋಸೆ ಇಲ್ಲದೆ ಹಳೆಯ ಬೆಂಗಳೂರೇ ಎಂದು ಆಕ್ಷೇಪಿಸುವವರು ಇದ್ದೇ ಇರುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದಲೂ ನಡೆದುಬಂದಿರುವಾಗ ಅವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಮನೆಯ ಒಲೆಯ ಲೆಕ್ಕ ಬೇರೆ. ಒಂದು ಕಾವಲಿಯಲ್ಲಿ ಒಂದು ದೋಸೆಗೆ ಮೂರು ನಿಮಿಷವೆಂದರೂ ಮೂವತ್ತು ಅತಿಥಿಗಳಿಗೆ ಒಂದೊಂದು ಹಾಕುವುದರೊಳಗೆ ಒಂದೂವರೆ ಗಂಟೆ ಕಳೆಯುತ್ತದೆ; ಎರಡನೆಯದನ್ನು ಕೇಳುವವರ ಮಾತು ಬೇರೆ. ಅಷ್ಟು ಹೊತ್ತೂ ಮನೆಯಾಕೆ ಹೊಗೆಯ ನಡುವೆ ನಿಂತಿರಬೇಕು. ಆ ಕಾಲದ ಸಮಾರಂಭಗಳ ಚಿತ್ರಗಳನ್ನು ತೆಗೆದು ನೋಡಿದರೆ ಸಾಲಾಗಿ ಕುಳಿತ ಗಂಡಸರು, ಮಕ್ಕಳು, ಬಂಧುಗಳು ಕಾಣುತ್ತಾರೆ. ಉಣಬಡಿಸಿದಾಕೆ ಅನೇಕ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಒರಳುಕಲ್ಲಿನಲ್ಲಿ ರುಬ್ಬಿ, ಒಲೆಯ ಮುಂದೆ ಬೆಂದು, ಎಲ್ಲರದೂ ಆದಮೇಲೆ ಆರಿದ ಅನ್ನವನ್ನು ಉಂಡ ಅಜ್ಜಿಯ ಗೌರವಾರ್ಥವಾಗಿ ನಡೆಯುವ ಕೂಟದಲ್ಲಿ ಅವಳ ಸೊಸೆಯೋ ಮೊಮ್ಮಗಳೋ ಅದೇ ಸ್ಥಾನದಲ್ಲಿ ನಿಲ್ಲುವುದಾದರೆ, ಹಳೆಯ ಕಾಲದಿಂದ ಉಳಿಸಿಕೊಳ್ಳಬಾರದ ಒಂದನ್ನೇ ಉಳಿಸಿಕೊಂಡಂತಾಗುತ್ತದೆ. ಆದುದರಿಂದ ಹಬೆಯಲ್ಲಿ ಒಮ್ಮೆಗೆ ಬೇಯುವ, ಮುಂಚೆಯೇ ಮಾಡಿಡಬಹುದಾದ ತಿಂಡಿಗಳನ್ನೇ ಆರಿಸುವುದು ವಿಹಿತ.

ಮೂವತ್ತು ಜನರ ಸಂಜೆಯ ಉಪಾಹಾರಕ್ಕೆ ಒಂದೂವರೆ ಕಿಲೋ ರವೆ, ಅಷ್ಟೇ ಲೀಟರು ಮೊಸರು ಇದ್ದರೆ ತಲೆಗೆ ಎರಡರಂತೆ ರವೆ ಇಡ್ಲಿ ಧಾರಾಳವಾಗಿ ಆಗುತ್ತದೆ. ರವೆಯನ್ನು ಒಗ್ಗರಣೆಯೊಡನೆ ಹಿಂದಿನ ದಿನವೇ ಹುರಿದಿಡಬಹುದು. ಸೋಡವನ್ನು ಮಾತ್ರ ತಟ್ಟೆಗೆ ಹಾಕುವ ಮುನ್ನ ಬೆರೆಸಬೇಕು, ಇಲ್ಲವಾದರೆ ಇಡ್ಲಿ ಕಲ್ಲಾಗುತ್ತದೆ. ಜೊತೆಗೆ ಆಲೂಗಡ್ಡೆಯ ಸಾಗು. ಸಿಹಿಗೆ ಮುಕ್ಕಾಲು ಕಿಲೋ ರವೆಯ ಕೇಸರಿಬಾತು ಸಾಕು. ಅರ್ಧ ಕಿಲೋ ಹೆಸರುಬೇಳೆಯನ್ನು ಎರಡು ಗಂಟೆ ನೆನೆಸಿ ಸೌತೆಕಾಯಿ ಬೆರೆಸಿದರೆ ಕೋಸಂಬರಿಯಾಯಿತು. ಉಪ್ಪನ್ನು ಬಡಿಸುವಾಗಲೇ ಹಾಕಬೇಕು, ಮೊದಲೇ ಹಾಕಿದರೆ ಸೌತೆ ನೀರುಬಿಟ್ಟು ಪಾತ್ರೆಯ ತಳದಲ್ಲಿ ಕೆರೆಯಾಗುತ್ತದೆ. ಮೈಸೂರುಪಾಕನ್ನು ಅಂಗಡಿಯಿಂದ ತಂದರೂ ಲೋಪವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಪಾಕಶಾಲೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಅದು ರೂಪುಗೊಂಡಿತೆಂಬ ಪ್ರತೀತಿಯನ್ನು ಮಕ್ಕಳಿಗೆ ಹೇಳಿ ಒಂದೊಂದು ತುಂಡು ಕೊಟ್ಟರಾಯಿತು.

ಇನ್ನು ಪಾನೀಯ. ಕಾಫಿಯನ್ನು ಅತಿಥಿಯೊಬ್ಬರಿಗೆ ಎರಡು ಲೋಟದಂತೆ ಎಣಿಸಬೇಕು. ಒಂದೇ ಲೋಟಕ್ಕೆ ನಿಲ್ಲುವವರು ಕಾಫಿಯ ವಿಷಯದಲ್ಲಿ ಅತಿಥಿಗಳೇ ಅಲ್ಲ. ಅರವತ್ತು ಲೋಟಕ್ಕೆ ಚಿಕೋರಿ ಬೆರೆತ ಪುಡಿ ಅರ್ಧ ಕಿಲೋ, ಹಾಲು ಐದು ಲೀಟರು ಬೇಕಾಗುತ್ತದೆ. ಮನೆಯ ಒಂದು ಫಿಲ್ಟರು ಸಾಲದು. ನೆರೆಹೊರೆಯಿಂದ ಎರಡು ಮೂರು ಎರವಲು ತರುವುದೂ ಆ ಕಾಲದ ಪದ್ಧತಿಯೇ. ಡಿಕಾಕ್ಷನ್ನನ್ನು ಕೂಟಕ್ಕೆ ಎರಡು ಗಂಟೆ ಮುಂಚೆ ಇಳಿಸಿ ಮುಚ್ಚಿಡಬೇಕು. ಅದನ್ನು ಕುದಿಸಿದರೆ ಕಹಿ ಮೇಲೇಳುತ್ತದೆ; ಕುದಿಯಬೇಕಾದುದು ಹಾಲು.

ತಂಪು ಪಾನೀಯಕ್ಕೆ ಗೋಲಿ ಸೋಡಾ ಎಲ್ಲಿಯಾದರೂ ದೊರೆತರೆ ಮಕ್ಕಳ ಸಂತೋಷಕ್ಕೆ ಪಾರವಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ರೂಪಿಸಿದ ಆ ಸೀಸೆಯಲ್ಲಿ ಬಿರಡೆಯಿಲ್ಲ, ಒಳಗಿನ ಅನಿಲದ ಒತ್ತಡವೇ ಗಾಜಿನ ಗೋಲಿಯನ್ನು ಕತ್ತಿಗೆ ಅಮುಕಿ ಹಿಡಿದಿರುತ್ತದೆ. ಕೋಕಾ ಕೋಲಾ ಕೂಡ 1950ರ ದಶಕದಲ್ಲಿ ಇಲ್ಲಿ ಇತ್ತು. 1977ರಲ್ಲಿ ದೇಶ ಬಿಟ್ಟು 1993ರಲ್ಲಿ ಮರಳಿತು. ಅದನ್ನು ಹೊಸ ಕಾಲದ್ದೆಂದು ಅಜ್ಜ ಆಕ್ಷೇಪಿಸುವಂತಿಲ್ಲ! ಆದರೂ ಮನೆಯ ಕೂಟಕ್ಕೆ ಶೋಭೆ ತರುವುದು ಪಾನಕ, ನೀರುಮಜ್ಜಿಗೆಗಳೇ. ನಾಲ್ಕೂವರೆ ಲೀಟರು ನೀರಿಗೆ ಮುಕ್ಕಾಲು ಕಿಲೋದಷ್ಟು ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ. ಮಜ್ಜಿಗೆಗೆ ಎರಡು ಲೀಟರು ಮೊಸರಿಗೆ ಐದು ಲೀಟರು ನೀರು, ಇಂಗು, ಕರಿಬೇವು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಬೆಲ್ಲವಾದ್ದರಿಂದ ಸಿಹಿಮೂತ್ರರೋಗದವರಿಗೆ ಬಾಧಕವಿಲ್ಲವೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅದು ಸರಿಯಲ್ಲ; ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬೆಲ್ಲವೂ ಸಕ್ಕರೆಯ ಒಡಹುಟ್ಟೇ. ಕೂಟದ ನಾಯಕರಾದ ಎಂಬತ್ತರ ಹಿರಿಯರು, ಅವರ ಗೆಳೆಯರು, ಇವರಲ್ಲಿ ಹಲವರು ಈ ಗುಂಪಿಗೇ ಸೇರಿದವರಾಗಿರಬಹುದು. ಸಂಭ್ರಮದಲ್ಲಿ ಲೋಟದ ಮೇಲೆ ಲೋಟ ಕೊಡುವವರು ಇದನ್ನು ನೆನೆಯಬೇಕು. ಅವರ ಮುಂದೆ ಮಜ್ಜಿಗೆಯ ಪಾತ್ರೆ ಇರಲಿ, ಸಕ್ಕರೆಯಿಲ್ಲದ ಕಾಫಿ ಕೇಳದೆಯೇ ಬರಲಿ.

ಎರಡನೆಯದು ಪಾತ್ರೆಯ ವಿಷಯ. ಅಲಂಕಾರಕ್ಕೆಂದು ಅಟ್ಟದಿಂದ ಇಳಿಸಿದ ಹಿತ್ತಾಳೆಯ ಕೊಳಗವನ್ನು ಹುಣಿಸೆಹಣ್ಣಿನಲ್ಲಿ ಬೆಳಗಿ ಥಳಥಳಿಸುವಂತೆ ಮಾಡುವುದು ಸುಲಭ. ಒಳಗಿನ ಕಲಾಯಿ ಉಳಿದಿದೆಯೇ ಎಂದು ನೋಡುವವರು ಕಡಮೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ನಿಂಬೆಯ ಪಾನಕವನ್ನೋ ಮಜ್ಜಿಗೆಯನ್ನೋ ಇಟ್ಟರೆ ಹುಳಿಯು ಲೋಹದ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಕುಡಿದವರಿಗೆ ವಾಂತಿ, ಹೊಟ್ಟೆನೋವು ತಪ್ಪಿದ್ದಲ್ಲ. ಹಿಂದಿನವರು ಬೀದಿಯಲ್ಲಿ ಕಲಾಯಿಯವನ ಕೂಗು ಕೇಳಿದೊಡನೆ ಪಾತ್ರೆಗಳನ್ನು ಹೊರಗಿಡುತ್ತಿದ್ದುದು ಅಂದಕ್ಕಾಗಿ ಅಲ್ಲ. ಈಗ ಕಲಾಯಿಯವನು ಸಿಗದಿದ್ದರೆ ಹಿತ್ತಾಳೆಯಲ್ಲಿ ಹೂವನ್ನು ಜೋಡಿಸಿ, ಪಾನಕವನ್ನು ಸ್ಟೀಲಿನ ಪಾತ್ರೆಯಲ್ಲೋ ಮಣ್ಣಿನ ಹೂಜಿಯಲ್ಲೋ ಇಡುವುದು ಲೇಸು.

ಬಡಿಸುವುದಕ್ಕೆ ಬಾಳೆಯೆಲೆಯ ತುಂಡು, ಮುತ್ತುಗದ ದೊನ್ನೆ ಇದ್ದರೆ ತೊಳೆಯುವ ಭಾರವೂ ಇಳಿಯುತ್ತದೆ. ಹೋಟೆಲಿನಂತೆ ಕರಿಹಲಗೆಯ ಮೇಲೆ ತಿಂಡಿಗಳ ಹೆಸರು, ದರ ಬರೆದು ತೂಗುಹಾಕುವ ಹುರುಪು ಮಕ್ಕಳಿಗೆ ಬಂದರೆ ತಡೆಯಬಾರದು. ವರ್ಷವನ್ನು ನೋಡಿ ಬರೆಯಬೇಕಷ್ಟೆ: 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಕೂಟವಾದರೆ ದರ ಆಣೆಯಲ್ಲಿರಬೇಕು, ರೂಪಾಯಿಗೆ ಹದಿನಾರು, ಅನಂತರದ್ದಾದರೆ ನಯಾ ಪೈಸೆಯಲ್ಲಿ, 1964ನ್ನು ದಾಟಿದ್ದರೆ ‘ನಯಾ’ ಎಂಬುದನ್ನು ಅಳಿಸಿಬಿಡಬೇಕು.