ಸಾವನದುರ್ಗದ ತಪ್ಪಲಲ್ಲಿ ಒರೆಮ್

1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಕೋಟೆಗೆ ಮುತ್ತಿಗೆ ಹಾಕಿತು. ಕೋಟೆಯ ಗುಂಡಿನ ಜೊತೆಗೆ ಬೆಟ್ಟದ ಬುಡದ ದಟ್ಟ ಬಿದಿರುಕಾಡಿನ ಗಾಳಿಯೂ ಆ ಸೈನಿಕರನ್ನು ಹೆದರಿಸಿತ್ತು. ಇಂಥ ಕಾಡಿನ ಗಾಳಿಯೇ ಜ್ವರ ತರುತ್ತದೆ ಎಂಬುದು ಆ ಕಾಲದವರ ದೃಢ ನಂಬಿಕೆ. ಮಲೇರಿಯಾದ ಹಿಂದೆ ಸೊಳ್ಳೆಯಿದೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು ಅದಾಗಿ ನೂರು ವರ್ಷ ಕಳೆದ ಮೇಲೆ, 1897ರಲ್ಲಿ.

ಈ ಎರಡರ ನಡುವೆ ಬಂದವರು ಫ್ಲಾರೆನ್ಸ್ ನೈಟಿಂಗೇಲ್. ಕೆಟ್ಟ ಗಾಳಿಯಿಂದಲೇ ರೋಗ ಎಂದು ಅವರೂ ನಂಬಿದ್ದರು. ಆದರೂ 1859ರಲ್ಲಿ ಶುಶ್ರೂಷೆಯ ಬಗ್ಗೆ ಅವರು ಬರೆದ ಪುಸ್ತಕದ ಮಾತುಗಳು ಇಂದಿಗೂ ನಿಲ್ಲುತ್ತವೆ. ಕಿಟಕಿ ತೆರೆಯಿರಿ, ಬೆಳಕು ಬರಲಿ, ಹಾಸಿಗೆ ಒಣಗಿರಲಿ, ನೀರು ಶುದ್ಧವಾಗಿರಲಿ, ಗದ್ದಲ ಬೇಡ. ಕಾರಣ ತಪ್ಪಾಗಿದ್ದೂ ಕೆಲಸ ಸರಿಯಾದದ್ದು ಹೇಗೆ? ಯಾವ ರೋಗ ಎಂಬ ಪ್ರಶ್ನೆಯನ್ನು ವೈದ್ಯರಿಗೆ ಬಿಟ್ಟು, ಯಾವ ಪರಿಸರದಲ್ಲಿಟ್ಟರೆ ಈ ದೇಹ ತಾನಾಗಿ ಚೇತರಿಸಿಕೊಳ್ಳುತ್ತದೆ ಎಂದು ಅವರು ಕೇಳಿದರು. ಶುಶ್ರೂಷಾ ಸಿದ್ಧಾಂತ ಹುಟ್ಟಿದ್ದು ಆ ಪ್ರಶ್ನೆಯಿಂದ.

ಸಾವನದುರ್ಗವಿರುವ ಮಾಗಡಿ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಕಿ (ಎಳೆಯ) ಹುಳು ತರುವ ಮೊದಲೇ ಮನೆ ತೊಳೆದು ಬ್ಲೀಚಿಂಗ್ ಪುಡಿ, ಸುಣ್ಣ ಹಾಕುತ್ತಾರೆ. ಕಸ ತೆಗೆಯುತ್ತಾರೆ, ರೋಗ ಬಂದ ಹುಳುವನ್ನು ಆರಿಸಿ ಬೇರೆ ಮಾಡುತ್ತಾರೆ, ಸೆಕೆ ಹೆಚ್ಚಿದರೆ ಗಾಳಿಗೆ ದಾರಿ ಮಾಡುತ್ತಾರೆ. ಬೆಳೆ ಉಳಿಯುವುದು ಸುತ್ತಲಿನ ಸ್ಥಿತಿ ಸರಿಯಿದ್ದರೆ ಎಂದು ಅವರ ಕೈಗಳಿಗೆ ಗೊತ್ತು.

ಅಮೆರಿಕದ ನರ್ಸ್ ಡೊರೊಥಿಯಾ ಒರೆಮ್ 1971ರ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ಇನ್ನೊಂದು ಕಡೆಯಿಂದ ಹಿಡಿದರು. ಪ್ರತಿ ಮನುಷ್ಯನೂ ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳುತ್ತಿರುತ್ತಾನೆ, ಅವನ ಶಕ್ತಿ ಅಗತ್ಯಕ್ಕೆ ಸಾಲದೆ ಹೋದಾಗ ನರ್ಸ್ ಬೇಕಾಗುತ್ತಾರೆ ಎಂದರು. ಪ್ರಜ್ಞೆ ತಪ್ಪಿದವರಿಗೆ ಎಲ್ಲವನ್ನೂ ನರ್ಸೇ ಮಾಡಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ಅರ್ಧ ಮಾಡಿದರೆ ಸಾಕು. ಓಡಾಡಿಕೊಂಡಿರುವವರಿಗೆ ಕಲಿಸಿ ಬೆನ್ನಿಗೆ ನಿಲ್ಲಬೇಕು.

ಬೆಟ್ಟದ ತಪ್ಪಲಿನ ಒಂದು ಆರೋಗ್ಯ ಉಪಕೇಂದ್ರವನ್ನು ಕಣ್ಮುಂದೆ ತಂದುಕೊಳ್ಳಿ. ಐವತ್ತು ದಾಟಿದ ತಾಯಿಯೊಬ್ಬರಿಗೆ ಬಿಪಿ, ಸಕ್ಕರೆ ಎರಡೂ ಇವೆ. ಇಂದು ಬಿಪಿ 170 ತೋರಿಸುತ್ತಿದೆ.

“ಮಾತ್ರೆ ಯಾಕಮ್ಮ ಬಿಟ್ರಿ?”

“ಹುಳ ಹಣ್ಣಾಗೋ ಹೊತ್ತು ಸಿಸ್ಟರಮ್ಮ, ಮನೆ ಬಿಟ್ಟು ಮಾತ್ರೆಗೆ ಅಂತ ಎಲ್ಲಿ ಬರ್ಲಿ?”

ಕಡತದಲ್ಲಿ ಇದು ‘ಔಷಧ ಸರಿಯಾಗಿ ತೆಗೆದುಕೊಂಡಿಲ್ಲ’ ಎಂದಾಗುತ್ತದೆ. ಮುಂದಿನದು ಬುದ್ಧಿಮಾತು. ಒರೆಮ್ ಓದಿ ಅರಗಿಸಿಕೊಂಡ ನರ್ಸ್ ಅಲ್ಲಿ ನಿಲ್ಲುವುದಿಲ್ಲ. ಕೊರತೆ ತಿಳಿವಳಿಕೆಯದೋ, ಶಕ್ತಿಯದೋ, ಪುರಸೊತ್ತಿನದೋ ಎಂದು ಹುಡುಕುತ್ತಾರೆ. ಕೊನೆಯ ಹಂತದಲ್ಲಿ ಹುಳುಗಳ ಹಸಿವು ವಿಪರೀತ; ಸೊಪ್ಪು ಕೊಯ್ದು ಹಾಕಿದಷ್ಟೂ ಸಾಲದು. ಆಮೇಲೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಧಾವಂತ. ಈ ತಾಯಿಗೆ ಮಾತ್ರೆ ಯಾಕೆಂದು ಚೆನ್ನಾಗಿ ಗೊತ್ತು, ಬರಲು ಹೊತ್ತಿಲ್ಲ ಅಷ್ಟೆ. ಹಾಗಾದರೆ ಹುಳು ದೊಡ್ಡದಾಗುವ ಮೊದಲೇ ತಿಂಗಳ ಮಾತ್ರೆ ಅವರ ಕೈಸೇರಬೇಕು, ಇಲ್ಲವೇ ಆಶಾ ಕಾರ್ಯಕರ್ತೆ ಮನೆಗೆ ಮುಟ್ಟಿಸಬೇಕು.

ಮುದ್ದೆಯ ವಿಷಯವೂ ಇದೆ. ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಅದು ನಿಜವಲ್ಲ. ಹಾಗೆಂದು ಮುದ್ದೆ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನರ್ಸೂ ಮಾನವಶಾಸ್ತ್ರಜ್ಞೆಯೂ ಆಗಿದ್ದ ಮ್ಯಾಡಲೀನ್ ಲೈನಿಂಗರ್ ಹೇಳಿದ್ದು ಇದನ್ನೇ: ಜನರ ರೂಢಿಯಲ್ಲಿ ಒಳ್ಳೆಯದನ್ನು ಉಳಿಸಿ, ಕೆಲವನ್ನು ಹೊಂದಿಸಿಕೊಳ್ಳಿ, ಕೆಡುಕಿನದನ್ನು ಮಾತ್ರ ಅವರ ಜೊತೆ ಕೂತು ಬದಲಿಸಿ. ಮುದ್ದೆ ಚಿಕ್ಕದಾಗಲಿ, ಜೊತೆಗೆ ಸೊಪ್ಪು, ಕಾಳು ಹೆಚ್ಚಲಿ.

ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳ ಉನ್ನತ ಶುಶ್ರೂಷಾ ವೃತ್ತಿ ಎಂದಾಗ ನಮಗೆ ಹೊಳೆಯುವುದು ಔಷಧದ ಚೀಟಿ ಬರೆಯುವ ಅಧಿಕಾರ. 1965ರಲ್ಲಿ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ವೈದ್ಯ ಹೆನ್ರಿ ಸಿಲ್ವರ್ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ನಮ್ಮಲ್ಲಿ ತೀವ್ರ ನಿಗಾ ಘಟಕಕ್ಕೆಂದು ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಬಂದಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೆರಿಗೆ ಸೇವೆಗೆ ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ ತಂದಿತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲೂ ನರ್ಸಿಂಗ್ ಓದಿದವರು ಬಹಳ. ಅವರನ್ನು ಪೂರ್ಣಾರ್ಥದಲ್ಲಿ ಉನ್ನತ ವೃತ್ತಿಯವರೆನ್ನಲಾಗದು, ಆದರೆ ಹಳ್ಳಿಯ ಮಟ್ಟಿಗೆ ಅದಕ್ಕೆ ಹತ್ತಿರದವರು ಅವರೇ.

ನರ್ಸ್ ಕೈಗೆ ಅಧಿಕಾರ ಬಂದರೆ ಅಪಾಯ ಎನ್ನುವ ವೈದ್ಯರಿದ್ದಾರೆ. ನನ್ನ ಆತಂಕ ಬೇರೆ. ಸಿದ್ಧಾಂತವನ್ನು ಕಳಚಿಟ್ಟು ಅಧಿಕಾರ ಮಾತ್ರ ಕೊಟ್ಟರೆ ನಮಗೆ ದಕ್ಕುವುದು ಕಡಿಮೆ ಸಂಬಳದ ಅರೆವೈದ್ಯರು. ಆ ತಾಯಿಗೆ ಮಾತ್ರೆಯ ಪ್ರಮಾಣ ಏರಿಸಿ ಕಳಿಸುವುದು ಅರೆವೈದ್ಯರಿಂದಲೂ ಆಗುವ ಕೆಲಸ. ಆ ತಾಯಿ ಹಿಂದಿನ ಮಾತ್ರೆಯನ್ನೇ ನುಂಗಿರಲಿಲ್ಲ ಎಂದು ತಿಳಿಯಲು ನರ್ಸೇ ಬೇಕು.

ನಮ್ಮ ಕಾಲೇಜುಗಳು ಸಿದ್ಧಾಂತ ಕಲಿಸುತ್ತವೆ ನಿಜ. ಎಂಎಸ್ಸಿ ನರ್ಸಿಂಗ್ ಪ್ರಬಂಧಗಳಲ್ಲಿ ಪರಿಕಲ್ಪನಾ ಚೌಕಟ್ಟು ಎಂಬ ಭಾಗವಿರುತ್ತದೆ. ಚೌಕಗಳು, ಬಾಣಗಳು, ಒರೆಮ್, ಇಮೋಜಿನ್ ಕಿಂಗ್ ಅಥವಾ ನೋಲಾ ಪೆಂಡರ್ ಎಂಬ ಸಿದ್ಧಾಂತಿಯ ಹೆಸರು. ಆದರೆ ವೈವಾ ಮುಗಿದ ಮೇಲೆ ಆ ಬಾಣಗಳು ವಾರ್ಡಿನವರೆಗೆ ಬರುವುದು ಅಪರೂಪ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಒಂದು ಪಾಳಿಯಲ್ಲಿ ಕೈಮೀರಿ ರೋಗಿಗಳಿದ್ದರೆ ಯಾರ ಪುರಸೊತ್ತನ್ನು ಯಾರು ವಿಚಾರಿಸುತ್ತಾರೆ? ಉಪಕೇಂದ್ರದಲ್ಲಿ ಪ್ರೋತ್ಸಾಹಧನ ಅಂಕಿಗಳಿಗೆ ತಳುಕು ಹಾಕಿಕೊಂಡಿದೆ. ಎಷ್ಟು ಜನರ ತಪಾಸಣೆ ಆಯಿತು ಎಂಬುದೇ ಮುಂದೆ ಬರುತ್ತದೆ.

ಎರಡು ಬದಲಾವಣೆಗಳನ್ನು ಈ ವರ್ಷವೇ ಮಾಡಬಹುದು. ಮಾತ್ರೆ ತಪ್ಪಿಸಿದವರನ್ನು ಕಂಡು, ತಪ್ಪಿದ್ದೇಕೆಂದು ತಿಳಿದು, ಅವರಿಗೆ ಹೊಂದುವ ದಾರಿ ಮಾಡಿಕೊಟ್ಟ ಕೆಲಸವೂ ಸಮುದಾಯ ಆರೋಗ್ಯ ಅಧಿಕಾರಿಯ ಅಂಕಿಗಳಲ್ಲಿ ಸೇರಲಿ. ವೈವಾದಲ್ಲಿ ಪರೀಕ್ಷಕರು ಒರೆಮ್ ಸಿದ್ಧಾಂತದ ವ್ಯಾಖ್ಯೆ ಕೇಳುವ ಬದಲು, ಹುಳು ಹಣ್ಣಾಗುವ ವಾರದಲ್ಲಿ ಮಾಗಡಿಯ ಒಂದು ಮನೆಗೆ ಬಿಪಿ ಮಾತ್ರೆ ಹೇಗೆ ಮುಟ್ಟಿಸುತ್ತೀರಿ ಎಂದು ಕೇಳಲಿ.